ತುಮಕೂರಿನ ಲ್ಯಾಬ್ ಒಂದರಲ್ಲಿ ಸಂಧಿವಾತದ ರಕ್ತ ಪರೀಕ್ಷೆ

ಬೆಳಗ್ಗೆ ಎದ್ದು ಒಂದು ಗಂಟೆ ಕಳೆದರೂ ಬೆರಳು ಮಡಚಲಾಗದೆ, ಮುದ್ದೆ ಕೋಲನ್ನೂ ಹಿಡಿಯಲಾಗದ ಸ್ಥಿತಿಗೆ ನಮ್ಮ ತಾಯಿ ಬಂದಾಗ, ವೈದ್ಯರ ಚೀಟಿ ಹಿಡಿದು ಬಿ.ಎಚ್. ರಸ್ತೆಯ ಬಳಿಯ ಖಾಸಗಿ ಲ್ಯಾಬ್ ಒಂದಕ್ಕೆ ಹೋದೆವು. ರಕ್ತ ತೆಗೆದ ಹುಡುಗಿಯ ಕೈಗುಣ ದೊಡ್ಡದು. ಊದಿದ ಮಣಿಕಟ್ಟನ್ನು ಕಂಡು, ಕೇಳದೆಯೇ ಕೈಕೆಳಗೆ ದಿಂಬು ಇಟ್ಟಳು.

ತೊಂದರೆಯಾದದ್ದು ಕೌಂಟರಿನಲ್ಲಿ. ಚೀಟಿಯಲ್ಲಿ ರುಮಟಾಯ್ಡ್ ಸಂಧಿವಾತವನ್ನು, ಅಂದರೆ ದೇಹದ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆರಗುವ ಕಾಯಿಲೆಯನ್ನು, ಗುರುತಿಸಲು ನೆರವಾಗುವ ಆರ್‌ಎ ಫ್ಯಾಕ್ಟರ್ ಮತ್ತು ಆಂಟಿ-ಸಿಸಿಪಿ ಪರೀಕ್ಷೆಗಳೆರಡೂ ಇದ್ದರೂ, ಕಡಿಮೆ ದರವೆಂದು ಅವರು ಒಪ್ಪಿಸಿದ 'ಆರ್ಥ್ರೈಟಿಸ್ ಪ್ಯಾಕೇಜ್'ನಲ್ಲಿ ಯೂರಿಕ್ ಆಮ್ಲ, ಎಎಸ್‌ಒ, ಸಿಆರ್‌ಪಿಯಂಥ ಬೇರೆ ಪರೀಕ್ಷೆಗಳಿದ್ದವು, ಆಂಟಿ-ಸಿಸಿಪಿ ಇರಲಿಲ್ಲ. ವರದಿಯಲ್ಲಿ ಆರ್‌ಎ ಫ್ಯಾಕ್ಟರ್ ಎದುರು 'ಪಾಸಿಟಿವ್' ಎಂಬ ಒಂದೇ ಪದವಿತ್ತು.

ಆ ಒಂದು ಪದ ಏಕೆ ಸಾಲದು ಎಂಬುದನ್ನು ವೈದ್ಯರು ಬಿಡಿಸಿ ಹೇಳಿದರು. ನಾರ್ವೆಯ ಎರಿಕ್ ವಾಲರ್ 1940ರಲ್ಲಿ ವಿವರಿಸಿದ ಈ ಆರ್‌ಎ ಫ್ಯಾಕ್ಟರ್, ರೋಗಾಣುವಿನ ಬದಲು ನಮ್ಮದೇ ಐಜಿಜಿ ಎಂಬ ಪ್ರತಿಕಾಯದ (ರೋಗಾಣುಗಳನ್ನು ಎದುರಿಸಲು ದೇಹ ತಯಾರಿಸುವ ಪ್ರೋಟೀನು) ಬಾಲಕ್ಕೆ ಅಂಟಿಕೊಳ್ಳುವ ಪ್ರತಿಕಾಯ. ಆದರೆ ಹೆಪಟೈಟಿಸ್ ಸಿ ಇದ್ದವರಲ್ಲಿಯೂ, ಆರೋಗ್ಯವಾಗಿರುವ ಕೆಲವು ವಯಸ್ಸಾದವರಲ್ಲಿಯೂ ಅದು ಕಾಣುತ್ತದೆ. ಆಂಟಿ-ಸಿಸಿಪಿಯ ದಾರಿಯೇ ಬೇರೆ. ಪ್ರೋಟೀನಿನಲ್ಲಿರುವ ಆರ್ಜಿನೀನ್ ಎಂಬ ಅಮೈನೋ ಆಮ್ಲ ಒಂದು ಕಿಣ್ವದಿಂದಾಗಿ ಸಿಟ್ರುಲಿನ್ ಆಗಿ ಬದಲಾದಾಗ, ಆ ಪ್ರೋಟೀನನ್ನು ಪರಕೀಯವೆಂದು ತಿಳಿದು ಎರಗುವ ಪ್ರತಿಕಾಯಗಳನ್ನು ಈ ಪರೀಕ್ಷೆ ಹಿಡಿಯುತ್ತದೆ. ರುಮಟಾಯ್ಡ್ ಸಂಧಿವಾತ ಇಲ್ಲದವರಲ್ಲಿ ಇವು ಅಪರೂಪ, ಇರುವವರಲ್ಲಿ ಕೆಲವೊಮ್ಮೆ ನೋವು ಶುರುವಾಗುವ ವರ್ಷಗಳ ಮೊದಲೇ ಇರುತ್ತವೆ. ಎರಡೂ ನೆಗೆಟಿವ್ ಬಂದು ಕಾಯಿಲೆ ಇರುವವರೂ ಉಂಟು, ಹಾಗಾಗಿ ಕೀಲುಗಳನ್ನು ಮುಟ್ಟಿ ನೋಡದೆ ತೀರ್ಮಾನವಿಲ್ಲ.

ಸಂಖ್ಯೆಯೂ ಮುಖ್ಯ. ರುಮಟಾಯ್ಡ್ ಸಂಧಿವಾತವನ್ನು ಅಂಕಗಳನ್ನು ಕೂಡಿಸಿ ಗುರುತಿಸುವ 2010ರ ಅಂತರರಾಷ್ಟ್ರೀಯ ಮಾನದಂಡದಲ್ಲಿ ಪ್ರತಿಕಾಯದ ಮಟ್ಟ ಸಾಮಾನ್ಯ ಮಿತಿಯ ಮೂರು ಪಟ್ಟನ್ನು ಮೀರಿದರೆ 3 ಅಂಕ, ಮಿತಿ ದಾಟಿಯೂ ಅದರೊಳಗಿದ್ದರೆ 2 ಅಂಕ. 'ಪಾಸಿಟಿವ್' ಎಂದಷ್ಟೇ ಬರೆದರೆ ಈ ವ್ಯತ್ಯಾಸ ಅಳಿಸಿಹೋಗುತ್ತದೆ.

ಮತ್ತೆ ಹೋಗಿ ಕೇಳಿದಾಗ ವ್ಯವಸ್ಥಾಪಕರು ವಾದಕ್ಕಿಳಿಯಲಿಲ್ಲ, ನಿಜ. ಆದರೂ ಅಮ್ಮ ಎರಡನೆಯ ಬಾರಿ ಸೂಜಿ ಚುಚ್ಚಿಸಿಕೊಳ್ಳಬೇಕಾಯಿತು, ಆಂಟಿ-ಸಿಸಿಪಿಗೆ ಬೇರೆ ಹಣವನ್ನೂ ಕಟ್ಟಿದೆವು. ಈ ಸಲ ಎರಡಕ್ಕೂ ಸಂಖ್ಯೆ, ಮಾನ, ಸಾಮಾನ್ಯ ಮಿತಿ ಮೂರನ್ನೂ ಮುದ್ರಿಸಿದ ವರದಿ ಬಂತು. ಆಂಟಿ-ಸಿಸಿಪಿ ಮೂರು ಪಟ್ಟನ್ನು ಎಷ್ಟೋ ಮೀರಿತ್ತು. ಈ ಕಾಯಿಲೆಗೆ ಕೊಡುವ ಮೆಥೊಟ್ರೆಕ್ಸೇಟ್ ಔಷಧ ಆ ವಾರವೇ ಶುರುವಾಯಿತು.

ರಕ್ತ ತೆಗೆಸಲು ಈ ಲ್ಯಾಬ್ ಒಳ್ಳೆಯದೇ. ಹೋಗುವವರು ಪ್ಯಾಕೇಜಿಗೆ ಒಪ್ಪುವ ಮುನ್ನ ವೈದ್ಯರ ಚೀಟಿಯನ್ನೂ ಬಿಲ್ಲನ್ನೂ ಒಂದೊಂದೇ ಸಾಲಾಗಿ ಹೋಲಿಸಿ ನೋಡಬೇಕು.