ಅಡಿಕೆ ಗೋದಾಮಿನ ರೋಬೋಟ್‌ಗಳಿಗೆ ದಾರಿ: ಸರದಿ ಕ್ರಮವೋ, ಸಿಬಿಎಸ್ಸೋ?

ಬದಿಯಡ್ಕದ ಕಡೆಯ ಒಂದು ಅಡಿಕೆ ಗೋದಾಮು ಅಂದುಕೊಳ್ಳಿ. ಗೋಣಿ ಅಟ್ಟಿಗಳ ನಡುವೆ ಒಂದೇ ರೋಬೋಟ್ ಹಿಡಿಸುವ ಓಣಿಗಳು. ಅಲ್ಲಿ ಹಲವು ರೋಬೋಟ್‌ಗಳು ಡಿಕ್ಕಿಯಾಗದೆ ಗುರಿ ಮುಟ್ಟುವಂತೆ ದಾರಿ ಹಾಕಬೇಕು; ಅದಕ್ಕೆ ಎರಡು ವಿಧಾನ: ಒಂದಾದ ಮೇಲೊಂದಕ್ಕೆ ದಾರಿ ಹಾಕುವ ಸರದಿ ಕ್ರಮ, ಇಲ್ಲವೇ ಸಿಬಿಎಸ್ (Conflict-Based Search, ಡಿಕ್ಕಿ ಆಧರಿಸಿದ ಹುಡುಕಾಟ). ರೋಬೋಟ್ 60 ಸೆಂ.ಮೀ. ಅಗಲವಿದ್ದರೆ ನೆಲವನ್ನು ಚೌಕಗಳಾಗಿ ತೋರಿಸುವ ನಕ್ಷೆಯ ಒಂದೊಂದು ಚೌಕ 80 ಸೆಂ.ಮೀ. ಇರಲಿ.

ಸರದಿ ಕ್ರಮ ಬರೆಯುವುದು ಸುಲಭ, ಓಡುವುದೂ ಬೇಗ. ಮೊದಲ ರೋಬೋಟ್ ಎ-ಸ್ಟಾರ್ (A*) ಎಂಬ ಕಿರುದಾರಿ ಹುಡುಕುವ ಕ್ರಮದಿಂದ ದಾರಿ ಹುಡುಕಿ, ಯಾವ ಕ್ಷಣಕ್ಕೆ ಯಾವ ಚೌಕವೆಂದು ಕಾಯ್ದಿರಿಸುತ್ತದೆ. ಮುಂದಿನದು ಅದನ್ನು ತಪ್ಪಿಸಿ ಹೋಗುತ್ತದೆ. ಕೆಡುವುದು ಇಲ್ಲಿ: ಮೊದಲಿನದು ಓಣಿಯ ಬಾಯಲ್ಲೇ ಗುರಿ ಮುಟ್ಟಿ ನಿಂತರೆ ಒಳಗಿನದಕ್ಕೆ ಹೊರದಾರಿಯೇ ಇಲ್ಲ. ಸರದಿ ಅದಲುಬದಲು ಮಾಡಿ ಮತ್ತೆ ಓಡಿಸಿದರೆ ಹಲವು ಸಲ ಬಿಡಿಸಿಕೊಳ್ಳುತ್ತದೆ, ಎಲ್ಲ ಸಲ ಅಲ್ಲ.

2012ರಲ್ಲಿ ಬಂದ ಸಿಬಿಎಸ್ ಮೊದಲು ಎಲ್ಲರಿಗೂ ಬೇರೆಬೇರೆ ದಾರಿ ಹಾಕುತ್ತದೆ. ಡಿಕ್ಕಿ ಕಂಡಲ್ಲಿ ಎರಡು ಕವಲು: ಒಂದರಲ್ಲಿ ಈ ರೋಬೋಟ್‌ಗೆ ಆ ಕ್ಷಣ ಆ ಚೌಕ ನಿಷಿದ್ಧ, ಇನ್ನೊಂದರಲ್ಲಿ ಆ ರೋಬೋಟ್‌ಗೆ. ಸದಾ ಕಡಿಮೆ ವೆಚ್ಚದ ಕವಲನ್ನೇ ಬಿಡಿಸುವುದರಿಂದ ಸಿಗುವ ಒಟ್ಟು ಸಮಯ ಕನಿಷ್ಠ. ಆದರೆ ಓಣಿಯಲ್ಲಿ ಎದುರುಬದುರು ಬಂದರೆ ಕವಲುಗಳು ಬೆಟ್ಟವಾಗುತ್ತವೆ. ಪರಿಹಾರವೇ ಇಲ್ಲದಿದ್ದರೆ ಹುಡುಕಾಟ ತಾನಾಗಿ ನಿಲ್ಲುವುದಿಲ್ಲ. 30 ಸೆಕೆಂಡಿನ ಗಡುವು ಹಾಕಲೇಬೇಕು.

ಎರಡರಲ್ಲೂ ಮರೆಯುವುದು ಒಂದೇ: ಒಂದು ರೋಬೋಟ್ (3,4) ಚೌಕದಿಂದ ಪಕ್ಕದ (3,5)ಕ್ಕೆ, ಇನ್ನೊಂದು ಅದೇ ಹೆಜ್ಜೆಯಲ್ಲಿ (3,5)ರಿಂದ (3,4)ಕ್ಕೆ. ಒಂದೇ ಚೌಕದಲ್ಲಿ ಎಂದೂ ಸೇರುವುದಿಲ್ಲ, ಆದರೂ ಮುಖಕ್ಕೆ ಮುಖ ಗುದ್ದುತ್ತವೆ. ಈ ಅದಲುಬದಲನ್ನು ಪ್ರತ್ಯೇಕವಾಗಿ ಪರೀಕ್ಷಿಸಿ.

ನಾಲ್ಕೈದು ರೋಬೋಟ್‌ಗಳಿಗೆ ಸಿಬಿಎಸ್ಸೇ ಸರಿ. ಸಂಖ್ಯೆ ಏರಿ ಗಡುವು ಮೀರತೊಡಗಿದರೆ ಸರದಿ ಕ್ರಮ ಹಿಡಿಯಿರಿ, ಗುರಿಗಳನ್ನು ಓಣಿಯ ಬಾಯಿಂದ ಆಚೆ ಸರಿಸಿ.