ಕಡಿಮೆ ಕೇಳುವ ಮೈಕೇ ಶಿರಸಿಗೆ ಲೇಸು

ಗಿಟಾರ್ ಹಿಡಿದು ಇಷ್ಟದ ಹಾಡೊಂದನ್ನು ಹಾಡಿ ಅಂತರ್ಜಾಲಕ್ಕೆ ಏರಿಸಬೇಕೆನ್ನುವವರಿಗೆ ಸಿಗುವ ಸಲಹೆಗಳೆಲ್ಲ ಒಂದೇ ಊಹೆಯ ಮೇಲೆ ನಿಂತಿರುತ್ತವೆ: ನಿಮ್ಮ ಕೋಣೆಯಲ್ಲಿ ಸದ್ದಿಲ್ಲ ಎಂಬುದು. ಹಾಗೆ ಹೇಳುವವರು ಜುಲೈ ತಿಂಗಳಲ್ಲಿ ಶಿರಸಿಯ ಹಂಚಿನ ಮನೆಯ ಉಪ್ಪರಿಗೆಯಲ್ಲಿ ಕುಳಿತವರಲ್ಲ. ತಲೆಯ ಮೇಲೆ ಹಂಚಿಗೆ ಬಡಿಯುವ ಮಳೆ, ಪಕ್ಕದಲ್ಲಿ ಕೊಟ್ಟಿಗೆಯ ತಗಡಿಗೆ ಬಡಿಯುವ ಅದೇ ಮಳೆ ಬೇರೊಂದು ಶ್ರುತಿಯಲ್ಲಿ; ಮಳೆ ಬಿಟ್ಟಿತೆಂದರೆ ಕಪ್ಪೆ, ಜೀರುಂಡೆಗಳ ಸರದಿ. ಇಂಥ ಕಡೆ ಮೈಕ್ ಕೊಳ್ಳುವಾಗ ಅದು ಏನನ್ನು ಕೇಳಿಸಿಕೊಳ್ಳುವುದಿಲ್ಲ ಎಂದು ಮೊದಲು ವಿಚಾರಿಸಬೇಕು.

ಒಂದೇ ಗಿಟಾರ್, ಒಂದೇ ಭಾವಗೀತೆ ಇಟ್ಟುಕೊಂಡು ನಾಲ್ಕು ಬಗೆಯಲ್ಲಿ ಧ್ವನಿಮುದ್ರಿಸಿ ನೋಡಿದ್ದೇನೆ: ಮೊಬೈಲಿನದೇ ಮೈಕ್, ಅಂಗಿಗೆ ಸಿಕ್ಕಿಸುವ ಕಾಲರ್ ಮೈಕ್, ಯುಎಸ್‌ಬಿ ಕಂಡೆನ್ಸರ್, ಕೊನೆಗೆ ಆಡಿಯೋ ಇಂಟರ್‌ಫೇಸ್ (ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಪುಟ್ಟ ಪೆಟ್ಟಿಗೆ) ಮೂಲಕ ಡೈನಾಮಿಕ್ ಮೈಕ್. ಆಮೇಲೆ ಇದೇ ಸಾಮಾನುಗಳನ್ನು ಹೊತ್ತುಕೊಂಡು ಘಟ್ಟ ಇಳಿದು, ಕಾರವಾರದ ಕೋಡಿಬಾಗದಲ್ಲಿರುವ ಗೆಳೆಯನ ಮನೆಯಲ್ಲಿಯೂ ಪರೀಕ್ಷಿಸಿದ್ದಾಯಿತು. ಅಲ್ಲಿ ಬಂದ ಫಲಿತಾಂಶ ಬೇರೆ. ಅದನ್ನು ಮುಂದೆ ಹೇಳುತ್ತೇನೆ.

ಮೊಬೈಲನ್ನು ಹೀಗಳೆಯುವವರ ಜೊತೆ ನಾನಿಲ್ಲ. ದೃಶ್ಯ, ಧ್ವನಿ ಎರಡೂ ಒಟ್ಟಿಗೆ ಬರುತ್ತವೆ. ತುಟಿಗೂ ಹಾಡಿಗೂ ತಾಳೆ ಹಾಕುವ ಕೆಲಸವಿಲ್ಲ. ಕರೆಂಟ್ ಹೋದರೆ ಚಿಂತೆಯಿಲ್ಲ. ಅದರ ತೊಡಕು ಮೈಕಿನಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಒಳಗಿನ ತಂತ್ರಾಂಶದಲ್ಲಿದೆ. ಫೋನನ್ನು ಮಾಡಿರುವುದು ಮಾತಿಗಾಗಿ. ಮಾತಲ್ಲದ್ದು ಒಂದೇ ಸಮ ಕೇಳುತ್ತಿದ್ದರೆ ಅದನ್ನು ಗದ್ದಲವೆಂದು ಬಗೆದು ಅಳಿಸಲು ಹೊರಡುತ್ತದೆ. ತಂತಿ ಮೀಟಿದ ಮೇಲೆ ನಿಧಾನವಾಗಿ ಕರಗಬೇಕಾದ ನಾದ ಅದರ ಲೆಕ್ಕದಲ್ಲಿ ಗದ್ದಲವೇ. ಹಾಗಾಗಿ ಪಲ್ಲವಿ ಮುಗಿದು ಕೊನೆಯ ಸ್ವರ ನಿಲ್ಲಬೇಕಾದ ಕಡೆ ಕತ್ತರಿ ಬಿದ್ದಂತೆ ಕೇಳುತ್ತದೆ. ಇನ್ನೊಂದು ಕಿರಿಕಿರಿ, ತಾನಾಗಿಯೇ ಧ್ವನಿಮಟ್ಟ ಏರಿಳಿಸುವ ವ್ಯವಸ್ಥೆ. ಮೆಲ್ಲಗೆ ಹಾಡಿದರೆ ಮಳೆಯನ್ನು ಮೇಲೆತ್ತುತ್ತದೆ, ತಾರಸ್ಥಾಯಿಗೆ ಹೋದರೆ ಗಿಟಾರನ್ನು ಒತ್ತಿ ಹಿಡಿಯುತ್ತದೆ. ಹಾಡಿನ ಏರಿಳಿತ ಸಪಾಟಾಗುತ್ತದೆ. ಈ ಎರಡನ್ನೂ ಬಂದ್ ಮಾಡಲು ಬಿಡುವ ಆ್ಯಪ್ ಸಿಕ್ಕರೆ, ಫೋನನ್ನು ಗಲ್ಲದ ಎತ್ತರಕ್ಕೆ ಒಂದೂವರೆ ಅಡಿ ದೂರದಲ್ಲಿ ಇಟ್ಟು, ಗಿಟಾರಿನ ರಂಧ್ರಕ್ಕೆ ನೇರವಾಗಿ ಮುಖ ಮಾಡದಂತೆ ನೋಡಿಕೊಂಡರೆ, ಜನವರಿಯ ಬೆಳಗಿನಲ್ಲಿ ಬಹಳ ಒಳ್ಳೆಯ ಧ್ವನಿ ಬರುತ್ತದೆ. ಬೆಳಗಿನಲ್ಲಿ ಎಂದೆ, ಹೊತ್ತೇರಿದರೆ ಆ ಕಾಲದಲ್ಲಿ ಕೇರಿಯಲ್ಲೆಲ್ಲೋ ಅಡಿಕೆ ಸುಲಿಯುವ ಯಂತ್ರ ಶುರುವಾಗಿರುತ್ತದೆ.

ಕಾಲರ್ ಮೈಕಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಾಮಾನ್ಯವಾಗಿ ಅದು ಎಲ್ಲ ದಿಕ್ಕಿನ ಸದ್ದನ್ನೂ ಎಳೆದುಕೊಳ್ಳುತ್ತದೆ, ಗಿಟಾರಿನ ಪಟ್ಟಿ ತಾಗಿದಾಗಲೆಲ್ಲ ಪರಪರ ಎನ್ನುತ್ತದೆ. ಅಡುಗೆಯ ವಿಡಿಯೋ ಮಾಡುವವರಿಗೆ ಇರಲಿ.

ಕಂಡೆನ್ಸರ್ ಮೈಕಿನಲ್ಲಿ ಮೊದಲ ಸಲ ನಮ್ಮ ಧ್ವನಿ ಕೇಳಿದಾಗ ಯಾರಿಗಾದರೂ ಮರುಳು ಹಿಡಿಯುತ್ತದೆ. ಬೆರಳು ತಂತಿಯ ಮೇಲೆ ಜಾರುವುದು, ಚರಣಕ್ಕೆ ಮುಂಚಿನ ಉಸಿರು, ಗಿಟಾರಿನ ಮರದ ಬೆಚ್ಚನೆಯ ಸದ್ದು, ಎಲ್ಲವೂ ಬರುತ್ತದೆ. ಗಿಟಾರಿನ ಕತ್ತಿನ ಮೇಲಿನ ಹನ್ನೆರಡನೆಯ ಫ್ರೆಟ್ಟಿನ, ಅಂದರೆ ಲೋಹದ ಅಡ್ಡಪಟ್ಟಿಯ, ಕಡೆಗೆ ತಿರುಗಿಸಿಟ್ಟರೆ ಗುಂಯ್ಗುಡುವಿಕೆಯೂ ಇಲ್ಲ. ಆದರೆ ಅದೇ ಸೂಕ್ಷ್ಮತೆಯಿಂದ ಅದು ಹಂಚಿನ ಸಂದಿನಿಂದ ತೊಟ್ಟಿಕ್ಕುವ ಹನಿಯನ್ನು, ಕೆಳಗಿನ ಮಜ್ಜಿಗೆ ಕಡೆಯುವ ಯಂತ್ರವನ್ನು, ಇನ್ವರ್ಟರಿನ ಗುಂಯ್‌ಕಾರವನ್ನೂ ಕೇಳಿಸಿಕೊಳ್ಳುತ್ತದೆ. ನಾನು ಹಾಡುವ ಕೋಣೆಯಲ್ಲಿ ಚಾಲಿ ಅಡಿಕೆಯ ಗೋಣಿಚೀಲಗಳ ಸಾಲಿದೆ. ಅವುಗಳ ನಡುವೆ ಕುಳಿತರೆ ಪ್ರತಿಧ್ವನಿ ಗಣನೀಯವಾಗಿ ತಗ್ಗುತ್ತದೆ, ದುಡ್ಡು ಕೊಟ್ಟು ಅಂಟಿಸುವ ಸ್ಪಂಜಿನ ಹಲಗೆಗಳಿಗಿಂತ ಮೇಲು. ಆದರೆ ಮಳೆಯ ಸದ್ದು ಎಳ್ಳಷ್ಟೂ ಕಡಿಮೆಯಾಗುವುದಿಲ್ಲ. ಮೆತ್ತಗಿನ ವಸ್ತುಗಳು ಕೋಣೆಯೊಳಗೆ ಹುಟ್ಟಿದ ಸದ್ದು ಗೋಡೆಗೆ ಬಡಿದು ಮರಳುವುದನ್ನು ತಡೆಯುತ್ತವೆ; ಹೊರಗಿನ ಸದ್ದನ್ನು ತಡೆಯಲು ಬೇಕಾದದ್ದು ತೂಕ ಮತ್ತು ಸಂದಿಲ್ಲದ ಮುಚ್ಚಿಗೆ. ಹಂಚಿನ ಮಾಡಿಗೆ ಎರಡೂ ಇಲ್ಲ. ಸ್ಪಂಜು ಮಾರುವವರು ಈ ವ್ಯತ್ಯಾಸವನ್ನು ಮಾತ್ರ ಹೇಳುವುದಿಲ್ಲ.

ಕಂಡೆನ್ಸರಿಗೆ ಮಳೆಗಾಲದಲ್ಲಿ ಇನ್ನೊಂದು ಶತ್ರು ತೇವ. ಅದರೊಳಗೆ ವಿದ್ಯುದಾವೇಶ ಹೊತ್ತ ತೆಳುಪದರವೊಂದು ಲೋಹದ ತಟ್ಟೆಯ ಎದುರು ಕಂಪಿಸುತ್ತಿರುತ್ತದೆ. ನಡುವೆ ತೇವ ಕುಳಿತರೆ ಆವೇಶ ಸೋರಿ ಚಟಪಟ ಸದ್ದು ಶುರುವಾಗುತ್ತದೆ. ಬಳಸದಾಗ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಲೇಬೇಕು.

ಇನ್ನು ಡೈನಾಮಿಕ್. ನಾನು ಬಳಸಿದ್ದು ಶೂರ್ ಕಂಪನಿಯ ಎಸ್‌ಎಂ58, 1966ರಿಂದ ಮಾರುಕಟ್ಟೆಯಲ್ಲಿರುವ, ಜಾತ್ರೆಯ ವೇದಿಕೆಗಳಲ್ಲಿ ಎಲ್ಲರೂ ಕಂಡಿರುವ ಐಸ್‌ಕ್ರೀಂ ಕೋನಿನಂಥ ಮೈಕ್. ಒಳಗಿರುವುದು ಅಯಸ್ಕಾಂತದ ನಡುವೆ ಆಡುವ ತಂತಿಸುರುಳಿ; ತೇವಕ್ಕೆ ಅಷ್ಟಾಗಿ ಜಗ್ಗುವುದಿಲ್ಲ. 15,000 ಹರ್ಟ್ಸ್‌ನಿಂದ ಮೇಲಿನ ತೀಕ್ಷ್ಣ ಸದ್ದುಗಳನ್ನು ಅದು ಹೆಚ್ಚುಕಡಿಮೆ ಬಿಟ್ಟೇಬಿಡುತ್ತದೆ, ಆದ್ದರಿಂದ ಕಂಡೆನ್ಸರಿನ ಮಿನುಗು ಇಲ್ಲಿಲ್ಲ. ಡೈನಾಮಿಕ್ ಮೈಕ್ ಹೊರಗಿನ ಸದ್ದನ್ನು ಮಾಯ ಮಾಡುತ್ತದೆ ಎಂದು ಹಲವರು ಹೇಳುವುದುಂಟು. ಅದು ಪೂರ್ತಿ ನಿಜವಲ್ಲ. ಅದು ತುಟಿಯನ್ನು ಜಾಲರಿಯ ಹತ್ತಿರಕ್ಕೆ ತಂದು ಹಾಡಲು ಬಿಡುತ್ತದೆ, ಲಾಭವಿರುವುದು ಅಲ್ಲಿ. ದೂರ ಅರ್ಧವಾದರೆ ನಮ್ಮ ಧ್ವನಿ 6 ಡೆಸಿಬೆಲ್ ಏರುತ್ತದೆ, ಮಳೆಯ ಸದ್ದು ಇದ್ದಷ್ಟೇ ಇರುತ್ತದೆ. ಒಂದು ಅಡಿಯಿಂದ ಮೂರು ಇಂಚಿಗೆ ಬಂದರೆ 12 ಡೆಸಿಬೆಲ್. ಇದಕ್ಕೆ ತೆರಬೇಕಾದ ಬೆಲೆಯೆಂದರೆ ಹತ್ತಿರವಾದಷ್ಟೂ ಧ್ವನಿಯ ತಳಭಾಗ ಉಬ್ಬುವುದು. ಗಂಡುಧ್ವನಿ ಗಡಿಗೆಯೊಳಗಿಂದ ಬಂದಂತಾದರೆ 100 ಹರ್ಟ್ಸ್‌ನಿಂದ ಕೆಳಗಿನದನ್ನು ತಂತ್ರಾಂಶದಲ್ಲಿ ಕತ್ತರಿಸಿದರಾಯಿತು. ಉಚಿತವಾಗಿ ಸಿಗುವ ಆಡಾಸಿಟಿಯಲ್ಲೇ ಇದು ಸಾಧ್ಯ.

ತೊಂದರೆ ಶುರುವಾಗುವುದು ಗಿಟಾರಿನ ಬಳಿ. ಬಾಯಿಯ ಹತ್ತಿರವಿರುವ ಮೈಕಿಗೆ ಗಿಟಾರ್ ದೂರ. ಗಿಟಾರಿನೊಳಗೆ ಪಿಕಪ್ (ಕಂಪನವನ್ನು ನೇರವಾಗಿ ವಿದ್ಯುತ್ ಸಂಕೇತವಾಗಿಸುವ ಸಾಧನ) ಇದ್ದರೆ ಇಂಟರ್‌ಫೇಸಿನ ಇನ್ನೊಂದು ಕಿಂಡಿಗೆ ನೇರವಾಗಿ ಜೋಡಿಸಬಹುದು. ಮಳೆಯ ಹನಿಯೂ ಅದರಲ್ಲಿ ಬಾರದು, ಆದರೆ ಮರದ ಸದ್ದೂ ಬಾರದು, ಪ್ಲಾಸ್ಟಿಕ್ಕಿನ ತಂತಿ ಮೀಟಿದಂತಿರುತ್ತದೆ. ಮಳೆ ಬಿಟ್ಟ ಹೊತ್ತಿನಲ್ಲಿ ಗಿಟಾರನ್ನಷ್ಟೇ ಹತ್ತಿರದಿಂದ ಧ್ವನಿಮುದ್ರಿಸಿಕೊಂಡು, ಅದನ್ನು ಇಯರ್‌ಫೋನಿನಲ್ಲಿ ಕೇಳುತ್ತ ಹಾಡನ್ನು ಬೇರೆಯಾಗಿ ಸೇರಿಸುವುದು ನನ್ನ ಈಗಿನ ಪದ್ಧತಿ. ತಂತಿಯಿರುವ ಇಯರ್‌ಫೋನೇ ಆಗಬೇಕು. ಬ್ಲೂಟೂತಿನಲ್ಲಿ ಧ್ವನಿ ತಡವಾಗಿ ಬಂದು ತಾಳ ತಪ್ಪುತ್ತದೆ. ಹೀಗೆ ಮಾಡಿದಾಗ ಶುದ್ಧತೆ ಸಿಗುತ್ತದೆ, ಹಾಡುತ್ತ ನುಡಿಸುವಾಗ ಲಯ ಒಂದಿಷ್ಟು ಹಿಗ್ಗಿ ಕುಗ್ಗುವ ಸೊಗಸು ಹೋಗುತ್ತದೆ. ಭಾವಗೀತೆಗೆ ಆ ಸೊಗಸೇ ಜೀವಾಳ, ಅದರ ನಷ್ಟ ನನ್ನನ್ನು ಇಂದಿಗೂ ಚುಚ್ಚುತ್ತದೆ. ಆದರೂ ಆಷಾಢದಲ್ಲಿ ಬೇರೆ ದಾರಿ ಕಂಡಿಲ್ಲ. ಒಂದು ಅನುಕೂಲವುಂಟು: ಇಂಟರ್‌ಫೇಸಿಗೆ ಲ್ಯಾಪ್‌ಟಾಪಿನಿಂದಲೇ ಶಕ್ತಿ ಸಿಗುವುದರಿಂದ ಕರೆಂಟ್ ಹೋದಾಗಲೂ ಕೆಲಸ ನಿಲ್ಲದು. ಊರಿನ ಫ್ರಿಜ್, ಪಂಪು, ಫ್ಯಾನುಗಳೆಲ್ಲ ಬಾಯಿ ಮುಚ್ಚಿಕೊಳ್ಳುವ ಆ ಹೊತ್ತಿಗಾಗಿ ನಾನು ಕಾಯುವುದೂ ಇದೆ.

ಹಂಚಿನ ಮನೆಗೆ ಡೈನಾಮಿಕ್ ಮೈಕೇ ಲೇಸು ಎಂಬ ಈ ತೀರ್ಪು ಕೋಡಿಬಾಗದಲ್ಲಿ ತಲೆಕೆಳಗಾಯಿತು. ಗೆಳೆಯನ ಮನೆಗೆ ಕಾಂಕ್ರೀಟ್ ಸ್ಲ್ಯಾಬ್ ಇದೆ. ಕಿಟಕಿ ಮುಚ್ಚಿದರೆ ಮಳೆ ದೂರದ ಸಂಗತಿಯಾಗುತ್ತದೆ, ಕಂಡೆನ್ಸರ್ ತನ್ನ ಪೂರ್ತಿ ಸೊಗಸು ತೋರುತ್ತದೆ. ಅವನ ಕೊಂಕಣಿ ಹಾಡುಗಳ ಮೆಲುದನಿಗೆ ಡೈನಾಮಿಕ್ ಮಂಕು ಹಿಡಿಸಿತು. ಹಾಗಾಗಿ ಕೊಳ್ಳುವ ಮೊದಲು ನಿಮ್ಮ ಮನೆಯ ಮಾಡನ್ನು ನೋಡಿ; ಹಂಚೋ ಸ್ಲ್ಯಾಬೋ ಎನ್ನುವುದರ ಮೇಲೆ ಅರ್ಧ ತೀರ್ಮಾನ ಆಗಿಹೋಗುತ್ತದೆ. ಅಲ್ಲಿ ಕಾಟ ಕೊಡುವುದು ಉಪ್ಪುಗಾಳಿ. ಕಂಚಿನ ತಂತಿಗಳು ಬೇಗ ಕಪ್ಪಾಗಿ ದನಿ ಸತ್ತುಹೋಗುತ್ತದೆ, ಆದ್ದರಿಂದ ಲೇಪನವಿರುವ ತಂತಿಗೆ ಹೆಚ್ಚು ದುಡ್ಡು ಕೊಡುವುದು ಕಾರವಾರದಲ್ಲಿ ದುಂದಲ್ಲ. ಟಾಗೋರ್ ಕಡಲತೀರದಲ್ಲಿ ಕುಳಿತು ಹಾಡುವ ಆಸೆಯಿದ್ದರೆ ಕಡಲಗಾಳಿ ಏಳುವ ಮೊದಲು, ಬೆಳಗಿನಲ್ಲೇ ಮುಗಿಸಬೇಕು. ಮಧ್ಯಾಹ್ನದ ಗಾಳಿಗೆ ಸ್ಪಂಜಿನ ಟೊಪ್ಪಿಗೆ ಸಾಲದು, ತುಪ್ಪಳದ ಕವಚ ಬೇಕು.

ಹಂಚಿಕೊಳ್ಳುವ ವಿಷಯದಲ್ಲಿ ನನ್ನ ಒಲವು ಯೂಟ್ಯೂಬಿನ ಕಡೆಗೆ. ಇನ್‌ಸ್ಟಾಗ್ರಾಮಿನಲ್ಲಿ ಮೆಚ್ಚುಗೆ ಬೇಗ ಬರುತ್ತದೆ, ಹೆಚ್ಚಾಗಿ ನಮ್ಮನ್ನು ಬಲ್ಲವರಿಂದ; ಯೂಟ್ಯೂಬಿನಲ್ಲಿ ಹಾಡಿನ ಹೆಸರು ಹುಡುಕುತ್ತ ಅಪರಿಚಿತರು ಬರುತ್ತಾರೆ. ಅಲ್ಲಿ ಕಂಟೆಂಟ್ ಐಡಿ ಕ್ಲೇಮ್, ಅಂದರೆ ಹಾಡು ತಮ್ಮದೆಂದು ಹಕ್ಕುದಾರರ ಪರವಾಗಿ ಯೂಟ್ಯೂಬಿನ ಗುರುತಿಸುವ ವ್ಯವಸ್ಥೆ ಹಾಕುವ ದಾವೆ, ಬಂದರೆ ಹೌಹಾರಬೇಕಿಲ್ಲ. ಅದು ಚಾನೆಲ್ಲಿಗೇ ಕುತ್ತು ತರಬಲ್ಲ ಎಚ್ಚರಿಕೆಯಾದ ಸ್ಟ್ರೈಕ್ ಅಲ್ಲ. ಸಾಮಾನ್ಯವಾಗಿ ಜಾಹೀರಾತಿನ ಹಣ ಹಕ್ಕುದಾರರಿಗೆ ಹೋಗುತ್ತದೆ, ಕೆಲವೊಮ್ಮೆ ವಿಡಿಯೋಗೆ ತಡೆ ಬೀಳುತ್ತದೆ. ನಮ್ಮ ದೇಶದಲ್ಲಿ ಸಾಹಿತ್ಯದ ಹಕ್ಕು ಕವಿ ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ದಾಸರ ಪದ ಹಾಡುವವರು ಹಕ್ಕಿನ ಮಾತೇ ಇಲ್ಲವೆಂದುಕೊಳ್ಳುತ್ತಾರೆ. ಪದ ಹಳೆಯದಾದರೂ ಅದಕ್ಕೆ ಇತ್ತೀಚೆಗೆ ಕೂಡಿಸಿದ ರಾಗಸಂಯೋಜನೆಗೆ ಬೇರೆ ಹಕ್ಕುದಾರರಿರಬಹುದು. ಹಕ್ಕುಚ್ಯುತಿಯ ಉದ್ದೇಶವಿಲ್ಲ ಎಂದು ವಿಡಿಯೋದ ಕೆಳಗೆ ಬರೆಯುವ ರೂಢಿಯೊಂದಿದೆ, ಅದರಿಂದ ಮೂರು ಕಾಸಿನ ಉಪಯೋಗವಿಲ್ಲ. ಆ ಜಾಗದಲ್ಲಿ ಕವಿ, ಸಂಯೋಜಕರು, ಮೊದಲು ಹಾಡಿದವರು ಯಾರೆಂದು ಕನ್ನಡದಲ್ಲಿ ಬರೆಯಿರಿ. ಕಾನೂನಿಗೆ ಅದೂ ಸಾಲದು, ಆದರೆ ಹಾಡು ಹುಡುಕುವವರಿಗೆ ಸಿಗುತ್ತದೆ.