ಅಂಗಡಿಯ ಕಾರ್ಪೆಟ್ಟಿನ ಮೇಲೆ ಹಿತವೆನಿಸಿದ ಹಾರ್ಡ್‌ಬೂಟ್

ಎರಡು ಚಳಿಗಾಲಗಳ ಹಿಂದೆ 420 ಯೂರೊ ಕೊಟ್ಟು ಕೊಂಡ ಸ್ನೋಬೋರ್ಡ್ ಹಾರ್ಡ್‌ಬೂಟ್ ಜೋಡಿಯೊಂದು ಮ್ಯೂನಿಕ್‌ನ ನಮ್ಮ ಮನೆಯ ನೆಲಮಾಳಿಗೆಯಲ್ಲಿ ಬಕಲ್ ಬಿಗಿದುಕೊಂಡು ಕುಳಿತಿದೆ. ಅದನ್ನು ಹಾಕಿಕೊಂಡು ನಾನು ಹಿಮಕ್ಕಿಳಿದದ್ದು ಒಟ್ಟು ಒಂಬತ್ತು ದಿನ. ಒಂಬತ್ತನೆಯ ದಿನದ ಹೊತ್ತಿಗೆ ಎರಡೂ ಹೆಬ್ಬೆರಳುಗಳ ಉಗುರು ಕಪ್ಪುಗಟ್ಟಿದ್ದವು, ಮೊಣಕಾಲ ಕೆಳಗಿನ ಎಲುಬಿನ ಮೇಲೆ ಅಂಗೈಯಗಲದ ನೀಲಿ ಕಲೆ ಮೂಡಿತ್ತು, ಎಡ ಮೊಣಕಾಲು ತಿರುಚಿಕೊಂಡು ಆರು ವಾರಗಳ ಫಿಸಿಯೊಥೆರಪಿಗೆ ದಾರಿ ಮಾಡಿತ್ತು. ಬೂಟಿನಲ್ಲಿ ತಯಾರಿಕೆಯ ದೋಷವೇನೂ ಇರಲಿಲ್ಲ. ಅದು ನನ್ನ ಪಾದಕ್ಕೂ ತೂಕಕ್ಕೂ ಅಭ್ಯಾಸಕ್ಕೂ ಹೊಂದದ ಬೂಟಾಗಿತ್ತು, ಮತ್ತು ಅದು ಹೊಂದುವುದಿಲ್ಲವೆಂಬುದನ್ನು ಅಂಗಡಿಯಲ್ಲಿಯೇ ಹತ್ತು ನಿಮಿಷದಲ್ಲಿ ಕಂಡುಕೊಳ್ಳಬಹುದಾಗಿತ್ತು. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್ ಕಡೆಗೆ ಕೆಲಸಕ್ಕೆಂದು ಬಂದು ಚಳಿಗಾಲದ ವಾರಾಂತ್ಯಗಳಲ್ಲಿ ಬೋರ್ಡ್ ಹಿಡಿಯುತ್ತಿರುವ ನಮ್ಮವರಲ್ಲಿ ಯಾರಾದರೂ ಸಾದಾ ಬೂಟಿನಿಂದ ಹಾರ್ಡ್‌ಬೂಟಿಗೆ ದಾಟುವ ಯೋಚನೆಯಲ್ಲಿದ್ದರೆ, ದುಡ್ಡು ಕೊಡುವ ಮೊದಲು ಇದನ್ನು ಓದಬೇಕೆಂದು ಬರೆಯುತ್ತಿದ್ದೇನೆ.

ಪರಿಚಯವಿಲ್ಲದವರಿಗಾಗಿ ಎರಡು ಮಾತು. ಸ್ನೋಬೋರ್ಡಿಂಗ್ ಎಂದರೆ ಒಂದೇ ಹಲಗೆಗೆ ಎರಡೂ ಪಾದ ಸಿಕ್ಕಿಸಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಆಟ. ಹಾರ್ಡ್‌ಬೂಟ್ ನೋಡುವುದಕ್ಕೆ ಸ್ಕೀ ಬೂಟಿನಂತೆಯೇ ಇರುತ್ತದೆ: ಹೊರಗೆ ಪ್ಲಾಸ್ಟಿಕ್ಕಿನ ಶೆಲ್, ಒಳಗೆ ಕಳಚಿ ತೆಗೆಯಬಹುದಾದ ಮೆತ್ತನೆಯ ಲೈನರ್, ಮುಂದೆ ಬಕಲ್‌ಗಳು. ಕಿರಿದಾದ ಬೋರ್ಡಿನ ಮೇಲೆ, ಬೂಟನ್ನು ಹಿಡಿದಿಡುವ ಪ್ಲೇಟ್ ಬೈಂಡಿಂಗ್‌ಗೆ ಸಿಕ್ಕಿಸಿಕೊಂಡು, ಎರಡೂ ಪಾದಗಳನ್ನು ಬಹುಮಟ್ಟಿಗೆ ಮುಂದಕ್ಕೆ ತಿರುಗಿಸಿ ನಿಂತು, ಬೋರ್ಡಿನ ಅಂಚಿನಿಂದ ಹಿಮವನ್ನು ಕೊಯ್ದಂತೆ ತಿರುವು ತೆಗೆದುಕೊಳ್ಳುವ ಕಾರ್ವಿಂಗ್‌ಗೆ ಈ ಬೂಟು ಬೇಕು. 1998ರ ನಾಗಾನೊ ಒಲಿಂಪಿಕ್ಸ್‌ನಲ್ಲಿ ಸ್ನೋಬೋರ್ಡಿಂಗ್ ಮೊದಲ ಬಾರಿಗೆ ಸೇರ್ಪಡೆಯಾದಾಗ ಇದ್ದ, ನೆಟ್ಟ ಕಂಬಗಳ ನಡುವೆ ತಿರುಗುತ್ತಾ ಇಳಿಯುವ ಜಯಂಟ್ ಸ್ಲಾಲಮ್, 2002ರಿಂದ ನಡೆಯುತ್ತಿರುವ, ಇಬ್ಬರು ಅಕ್ಕಪಕ್ಕದಲ್ಲಿ ಇಳಿಯುವ ಪ್ಯಾರಲಲ್ ಜಯಂಟ್ ಸ್ಲಾಲಮ್ ಇವೆಲ್ಲ ಈ ಬೂಟಿನ ಲೋಕ. 2018ರಲ್ಲಿ ಒಂದೇ ಒಲಿಂಪಿಕ್ಸ್‌ನಲ್ಲಿ ಸ್ಕೀಯಿಂಗ್‌ನ ಸೂಪರ್-ಜಿ ಮತ್ತು ಸ್ನೋಬೋರ್ಡಿನ ಪ್ಯಾರಲಲ್ ಜಯಂಟ್ ಸ್ಲಾಲಮ್ ಎರಡರಲ್ಲೂ ಚಿನ್ನ ಗೆದ್ದ ಎಸ್ಟರ್ ಲೆಡೆಟ್ಸ್ಕಾ ಅವರನ್ನು ನೋಡಿ ಮರುಳಾದವರಲ್ಲಿ ನಾನೂ ಒಬ್ಬ. ಮರುಳಾದವನು ಅಂಗಡಿಗೆ ಹೋಗಬಾರದು, ನಾನು ಹೋದೆ.

ಋತು ಮುಗಿಯುವ ಕಾಲದ ರಿಯಾಯಿತಿ ಮಾರಾಟ ಅದು. ಮಾರಾಟಗಾರ ನನ್ನ ಸಾದಾ ಶೂವಿನ ಅಳತೆ ಕೇಳಿದ. 43 ಎಂದೆ. ಒಳಗೆ ಹೋಗಿ ಸೆಂಟಿಮೀಟರ್ ಲೆಕ್ಕದ 28ರ ಬೂಟು ತಂದು, ಇದು ರೇಸ್ ಮಾದರಿ, ಇರುವುದು ಇದೊಂದೇ ಜೋಡಿ ಎಂದ. ದಪ್ಪ ಉಣ್ಣೆಯ ಕಾಲುಚೀಲದ ಮೇಲೆಯೇ ಕಾಲು ತೂರಿಸಿದೆ. ದಿಂಬಿನೊಳಗೆ ಇಳಿದಂತಾಯಿತು. ಬೆರಳುಗಳಿಗೆ ಧಾರಾಳವಾಗಿ ಜಾಗ, ಎಲ್ಲಿಯೂ ಒತ್ತುವುದಿಲ್ಲ, ಕಾರ್ಪೆಟ್ಟಿನ ಮೇಲೆ ನಾಲ್ಕು ಹೆಜ್ಜೆ ನಡೆದರೂ ನೋವಿಲ್ಲ. ಪ್ರತಿ ಜೂನ್ ತಿಂಗಳಲ್ಲಿ ಶಾಲೆ ತೆರೆಯುವ ಮುನ್ನ ನಮ್ಮಪ್ಪ ಅಂಗಡಿಯವನಿಗೆ ‘ಬೆಳೆಯುವ ಕಾಲು, ಒಂದು ನಂಬರ್ ದೊಡ್ಡದೇ ಕೊಡಿ’ ಎಂದು ಹೇಳಿ ಕೊಡಿಸುತ್ತಿದ್ದ ಕಪ್ಪು ಶೂಗಳ ಸಂಸ್ಕಾರ ನನ್ನೊಳಗೆ ಇನ್ನೂ ಉಳಿದಿತ್ತೋ ಏನೋ, ಸಡಿಲವಾಗಿರುವುದೇ ಹಿತ ಎಂದು ಮನಸ್ಸು ಒಪ್ಪಿಬಿಟ್ಟಿತು. ಮೇಲಾಗಿ ರೇಸ್ ಮಾದರಿ ಎಂಬ ಮಾತು ಕಿವಿಗೆ ಇಂಪಾಗಿ ಕೇಳಿಸಿತ್ತು. ಗಡಸಾದಷ್ಟೂ ಬೂಟು ಉತ್ತಮ, ನಾನು ಕಲಿತಂತೆ ಅದೂ ಒಗ್ಗುತ್ತದೆ ಎಂದುಕೊಂಡೆ.

ಇಲ್ಲಿ ಒಂದರ ಮರೆಯಲ್ಲಿ ಇನ್ನೊಂದು ತಪ್ಪು ಅಡಗಿತ್ತು. ಮೆತ್ತನೆಯ ಲೈನರ್ ಶೆಲ್ ದೊಡ್ಡದೆಂಬುದನ್ನು ಮುಚ್ಚಿಟ್ಟಿತು, ದೊಡ್ಡ ಶೆಲ್ ಬೂಟಿನ ಗಡಸುತನವನ್ನು ಮುಚ್ಚಿಟ್ಟಿತು. ಕಾಲು ಒಳಗೇ ಓಲಾಡುತ್ತಿದ್ದುದರಿಂದ ಅಂಗಡಿಯಲ್ಲಿ ಮೊಣಕಾಲು ಬಗ್ಗಿಸಿದಾಗ ಬೂಟೇ ಬಗ್ಗಿದಂತೆ ಅನ್ನಿಸಿತು. ನಿಜವಾಗಿ ಬಗ್ಗಿದ್ದು ಲೈನರಿನ ಹೊಸ ಸ್ಪಂಜು. ಆ ಸ್ಪಂಜು ಬಳಸಿದಂತೆ ಅಮರಿ ತೆಳುವಾಗುತ್ತದೆ. ನನ್ನದು ನಾಲ್ಕನೆಯ ದಿನಕ್ಕೇ ಎಷ್ಟು ಅಮರಿತ್ತೆಂದರೆ, ಬೆಳಿಗ್ಗೆ ಎರಡನೆಯ ಹಲ್ಲಿಗೆ ಸಿಕ್ಕಿಸುತ್ತಿದ್ದ ಬಕಲ್ಲನ್ನು ಮಧ್ಯಾಹ್ನದ ಹೊತ್ತಿಗೆ ಕೊನೆಯ ಹಲ್ಲಿಗೆ ಎಳೆಯಬೇಕಾಗುತ್ತಿತ್ತು.

ಮೊದಲ ಪರೀಕ್ಷೆ ನಡೆದದ್ದು ಆಸ್ಟ್ರಿಯಾದ ಝಿಲ್ಲರ್ ಕಣಿವೆಯ ತುದಿಯಲ್ಲಿರುವ ಹಿಂಟರ್‌ಟುಕ್ಸ್ ಹಿಮನದಿಯ ಮೇಲೆ. ವರ್ಷವಿಡೀ ತೆರೆದಿರುವ ಈ ಜಾಗದಲ್ಲಿ ಲಿಫ್ಟ್‌ಗಳು 3250 ಮೀಟರ್ ಎತ್ತರದವರೆಗೆ ಒಯ್ಯುತ್ತವೆ. ಡಿಸೆಂಬರ್ ಬೆಳಗಿನಲ್ಲಿ ಮೇಲೆ ಶೂನ್ಯಕ್ಕಿಂತ ಹನ್ನೆರಡು ಡಿಗ್ರಿ ಕೆಳಗಿತ್ತು. ಹಲವು ಶೆಲ್‌ಗಳಿಗೆ ಬಳಸುವ ಪಾಲಿಯೂರಿಥೇನ್ ಚಳಿಯಲ್ಲಿ ಗಮನಾರ್ಹವಾಗಿ ಗಡಸಾಗುತ್ತದೆಯೆಂದು, ಪೆಬ್ಯಾಕ್ಸ್ ಎಂಬ ಪ್ಲಾಸ್ಟಿಕ್ಕಿನಲ್ಲಿ ಈ ಬದಲಾವಣೆ ಕಡಿಮೆಯೆಂದು ನನಗೆ ಆಗ ಗೊತ್ತಿರಲಿಲ್ಲ. ಇಪ್ಪತ್ತೆರಡು ಡಿಗ್ರಿಯ ಅಂಗಡಿಯಲ್ಲಿ ಹೇಗೋ ಬಗ್ಗುತ್ತಿದ್ದ ಬೂಟು ಅಲ್ಲಿ ಕಲ್ಲುಕಂಬವಾಗಿತ್ತು. ನನ್ನ ತೂಕ 62 ಕಿಲೊ. ನನಗಿಂತ ಮೂವತ್ತು ಕಿಲೊ ಹೆಚ್ಚು ತೂಗುವ, ಕಂಬಗಳ ನಡುವೆ ವೇಗವಾಗಿ ಇಳಿಯುವ ಸ್ಪರ್ಧಿಯೊಬ್ಬನ ಬಲಕ್ಕೆ ಬಗ್ಗಲೆಂದು ಮಾಡಿದ ವಸ್ತು ನನ್ನ ಬಲಕ್ಕೆ ಬಗ್ಗುವುದೇಕೆ?

ಬೂಟು ಬಗ್ಗದಿದ್ದರೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಗಡಸು ಬೂಟು ಎಂದರೆ ಬರೀ ನೋವು ಎಂದು ಅನೇಕರು ಭಾವಿಸಿದ್ದಾರೆ. ಕಾರ್ವಿಂಗ್‌ನಲ್ಲಿ ತಿರುವು ಆರಂಭವಾಗುವಾಗ ಮೈಭಾರವನ್ನು ಮುಂದಿನ ಕಾಲಿನ ಮೇಲೆ ತರಬೇಕು, ತಿರುವಿನ ಉದ್ದಕ್ಕೂ ಹಿಮದ ಉಬ್ಬುತಗ್ಗುಗಳನ್ನು ಮೊಣಕಾಲೂ ಪಾದದ ಗಂಟೂ ಸೇರಿ ನುಂಗಿಕೊಳ್ಳಬೇಕು. ಪಾದದ ಗಂಟು ಬಗ್ಗದೆ ಮೊಣಕಾಲಷ್ಟೇ ಬಗ್ಗಿದರೆ ಕುರ್ಚಿಯ ಮೇಲೆ ಕೂರುವವರಂತೆ ಸೊಂಟ ಹಿಂದಕ್ಕೆ ಹೋಗುತ್ತದೆ. ಭಾರ ಹಿಂದಕ್ಕೆ ಸರಿದೊಡನೆ ಬೋರ್ಡಿನ ಮೂತಿಯ ಹಿಡಿತ ತಪ್ಪಿ ಅಂಚು ಗಡಗಡನೆ ನಡುಗುತ್ತಾ ಜಾರತೊಡಗುತ್ತದೆ. ನನಗಾದದ್ದು ಇದೇ. ಸಾಲದ್ದಕ್ಕೆ ಶೆಲ್ ದೊಡ್ಡದಾಗಿದ್ದುದರಿಂದ, ಬೆರಳುಗಳ ಕಡೆಗೆ ಬೋರ್ಡನ್ನು ವಾಲಿಸಿದಾಗಲೆಲ್ಲ ಹಿಮ್ಮಡಿ ಒಳಗೇ ಒಂದು ಸೆಂಟಿಮೀಟರಿನಷ್ಟು ಮೇಲೇಳುತ್ತಿತ್ತು; ನಾನು ಒತ್ತಿದ ಒತ್ತಡ ಅಂಚಿಗೆ ತಲುಪುವಷ್ಟರಲ್ಲಿ ತಿರುವು ಅರ್ಧ ಕಳೆದಿರುತ್ತಿತ್ತು. ಹಿಮ್ಮಡಿ ಏಳದಿರಲೆಂದು ಪಾದದ ಮೇಲ್ಭಾಗದ ಬಕಲ್ ಬಿಗಿದೆ. ಆ ಜಾಗದಲ್ಲಿ ನರಗಳೂ ರಕ್ತನಾಳವೂ ಚರ್ಮಕ್ಕೆ ತೀರ ಹತ್ತಿರದಲ್ಲಿವೆ. ಮೂರನೆಯ ಇಳಿತಕ್ಕೆ ಬೆರಳುಗಳು ಜೋಮು ಹಿಡಿದವು, ಐದನೆಯದಕ್ಕೆ ಇವೆಯೋ ಇಲ್ಲವೋ ತಿಳಿಯದಂತಾದವು. ದೊಡ್ಡ ಬೂಟಿನಲ್ಲಿ ಕಾಲು ಬೆಚ್ಚಗಿರುತ್ತದೆ ಎಂಬ ನಂಬಿಕೆಯೂ ಅಲ್ಲಿಗೆ ಮುಗಿಯಿತು.

ಇನ್ನೊಂದು ಪರಿಣಾಮವನ್ನು ನಾನು ಊಹಿಸಿಯೂ ಇರಲಿಲ್ಲ. ನನ್ನ ಬೋರ್ಡಿನ ಸೊಂಟದ, ಅಂದರೆ ನಡುವಿನ ಕಿರಿದಾದ ಭಾಗದ, ಅಗಲ 19.5 ಸೆಂಟಿಮೀಟರ್. ಉದ್ದನೆಯ ಶೆಲ್ಲಿನ ಮೂತಿಯೂ ಹಿಮ್ಮಡಿಯೂ ಬೋರ್ಡಿನ ಅಂಚು ದಾಟಿ ಹೊರಚಾಚುತ್ತಿದ್ದವು. ಆಳವಾಗಿ ವಾಲಿದಾಗ ಹೊರಚಾಚಿದ ಬೂಟು ಹಿಮಕ್ಕೆ ತಾಗಿದರೆ ಅಂಚು ಮೇಲೆದ್ದು, ಹಿಡಿತ ಒಮ್ಮೆಲೇ ಕಳಚುತ್ತದೆ. ಅದನ್ನು ತಪ್ಪಿಸಲು ಬೈಂಡಿಂಗ್ ಕೋನವನ್ನು, ಅಂದರೆ ಪಾದ ಮುಂದಕ್ಕೆ ತಿರುಗಿರುವ ಕೋನವನ್ನು, 54 ಡಿಗ್ರಿಯಿಂದ 62ಕ್ಕೆ ಏರಿಸಿದೆ. ಹೀಗೆ ಪಾದದ ಅಳತೆಯಲ್ಲಿ ಮಾಡಿದ ತಪ್ಪು ನಿಲುವಿನವರೆಗೂ ಬಂದು, ನನ್ನ ಸೊಂಟ ತಿರುಚಿಕೊಂಡು ನಿಲ್ಲುವಂತಾಯಿತು.

ಮೊಣಕಾಲು ತಿರುಚಿದ್ದು ಒಂಬತ್ತನೆಯ ದಿನ ಬೆಳಿಗ್ಗೆ, ಲೆಂಗ್‌ಗ್ರೀಸ್ ಊರಿನ ಬಳಿಯ ಬ್ರೌನೆಕ್ ಬೆಟ್ಟದಲ್ಲಿ, ರಾತ್ರಿ ಹೆಪ್ಪುಗಟ್ಟಿದ ಇಳಿಜಾರಿನ ಮೇಲೆ. ಸಣ್ಣ ವೇಗ, ಸಾದಾ ತಿರುವು. ಅಂಚು ಜಾರಿತು, ಮತ್ತೆ ಹಿಡಿಯಿತು, ಮೈ ಒಂದು ಕಡೆ ಹೋಯಿತು, ಬೋರ್ಡ್ ಇನ್ನೊಂದು ಕಡೆ. ಪ್ಲೇಟ್ ಬೈಂಡಿಂಗ್‌ಗಳು ಸಾಮಾನ್ಯವಾಗಿ ಸ್ಕೀ ಬೈಂಡಿಂಗ್‌ನಂತೆ ಬಿದ್ದಾಗ ಕಾಲನ್ನು ಬಿಟ್ಟುಕೊಡುವುದಿಲ್ಲ. ಬೂಟು ಸ್ವಲ್ಪವಾದರೂ ಬಗ್ಗಿದ್ದರೆ ಅದರಲ್ಲಿ ಕರಗಬಹುದಾಗಿದ್ದ ತಿರುಚು ನೇರವಾಗಿ ಮೊಣಕಾಲಿಗೆ ಹೋಯಿತು ಎಂಬುದು ನನ್ನ ತಿಳಿವಳಿಕೆ.

ಆಮೇಲೆ, ಕಾಲು ನೆಟ್ಟಗಾದ ಮೇಲೆ, ಕಣಿವೆಯೊಂದರಲ್ಲಿ ವರ್ಷಗಳಿಂದ ಬೂಟು ಹೊಂದಿಸುವ ಕೆಲಸ ಮಾಡುತ್ತಿರುವ ಹಿರಿಯರೊಬ್ಬರ ಬಳಿ ಹೋದೆ. ಅವರು ಶೂವಿನ ನಂಬರನ್ನು ಕೇಳಲೇ ಇಲ್ಲ. ಬರಿಗಾಲನ್ನು ಗೋಡೆಗೆ ಹಿಮ್ಮಡಿ ತಾಗಿಸಿ ನಿಲ್ಲಿಸಿ, ಮೈಭಾರ ಊರಿದಾಗ ಪಾದ ಎಷ್ಟುದ್ದ ಎಂದು ಅಳೆದರು: ಬಲ 26.3, ಎಡ 25.9 ಸೆಂಟಿಮೀಟರ್. ಈ ಬೂಟುಗಳಿಗೆ ಬಳಸುವ ಮೊಂಡೊಪಾಯಿಂಟ್ ಅಳತೆ ಎಂದರೆ ಪಾದದ ಉದ್ದವೇ, ಸೆಂಟಿಮೀಟರಿನಲ್ಲಿ. ಅಂದರೆ ನಾನು ಕೊಂಡದ್ದು ಒಂದೂವರೆ ಸೆಂಟಿಮೀಟರಿಗಿಂತಲೂ ಹೆಚ್ಚು ದೊಡ್ಡ ಬೂಟು. ಬಳಿಕ ಅವರು ನನ್ನ ಬೂಟಿನ ಲೈನರ್ ಕಿತ್ತು ಪಕ್ಕಕ್ಕಿಟ್ಟು, ಖಾಲಿ ಶೆಲ್ಲಿನೊಳಗೆ ಬರಿಗಾಲಿಡಿಸಿ, ಬೆರಳುಗಳು ಮುಂದೆ ಸವರುವಂತೆ ನಿಲ್ಲಿಸಿ, ಹಿಮ್ಮಡಿಯ ಹಿಂದೆ ತಮ್ಮ ಬೆರಳು ಇಳಿಸಿ ನೋಡಿದರು. ಒಂದು ಸೆಂಟಿಮೀಟರಿನಿಂದ ಒಂದೂವರೆಯವರೆಗೆ ಜಾಗವಿದ್ದರೆ ಸರಿ, ಎರಡರವರೆಗೂ ಸಹಿಸಬಹುದಂತೆ. ನನ್ನದರಲ್ಲಿ ಮೂರು ಇತ್ತು. ಅವರ ಎರಡು ಬೆರಳುಗಳು ಆರಾಮವಾಗಿ ಇಳಿದುಹೋದವು, ನನಗೆ ನಾಚಿಕೆಯಾಯಿತು.

ಈ ಒಂದು ಪರೀಕ್ಷೆಯನ್ನು ಮಾತ್ರ ದಯವಿಟ್ಟು ಬಿಡಬೇಡಿ. ಸಾಮಾನ್ಯವಾಗಿ ಒಂದೇ ಶೆಲ್ಲಿನ ಮೇಲೆ ಒಂದಕ್ಕಿಂತ ಹೆಚ್ಚು ಅಳತೆಗಳನ್ನು ಮಾರುತ್ತಾರೆ. 26 ಮತ್ತು 26.5ರ ನಡುವಿನ ವ್ಯತ್ಯಾಸ ಎಷ್ಟೋ ಸಲ ಒಳಗಿನ ಅಟ್ಟೆ ಅಥವಾ ಲೈನರಿನಲ್ಲಿ ಮಾತ್ರ ಇರುತ್ತದೆ. ಆದ್ದರಿಂದ ಪೆಟ್ಟಿಗೆಯ ಮೇಲಿನ ಅಂಕಿಗಿಂತ ಖಾಲಿ ಶೆಲ್ ಹೇಳುವುದು ನಂಬಲರ್ಹ. ಚಿಕ್ಕಂದಿನಿಂದ ಬರಿಗಾಲಿನಲ್ಲಿ, ಹವಾಯಿ ಚಪ್ಪಲಿಯಲ್ಲಿ ಓಡಾಡಿ ಬೆಳೆದ ನನ್ನ ಪಾದ ಬೆರಳುಗಳ ಬುಡದಲ್ಲಿ ಅಗಲ, ಹಿಮ್ಮಡಿಯಲ್ಲಿ ಕಿರಿದು. ಇಂಥ ಪಾದದವರು ಅಗಲ ಸಾಲದೆಂದು ಉದ್ದದ ಬೂಟು ಕೊಳ್ಳುತ್ತಾರೆ. ಅಗಲ ಬೇಕಾದ ಜಾಗದಲ್ಲಿ ಶೆಲ್ಲನ್ನು ಬಿಸಿ ಮಾಡಿ ಹಿಗ್ಗಿಸಬಹುದು, ಉದ್ದ ಹೆಚ್ಚಾದ ಶೆಲ್ಲನ್ನು ಕುಗ್ಗಿಸುವ ವಿದ್ಯೆ ಯಾರಲ್ಲೂ ಇಲ್ಲ.

ಗಡಸುತನದ ವಿಷಯದಲ್ಲಿ ಅಂಕಿಗಳನ್ನು ನಂಬುವುದು ಇನ್ನೂ ಕಷ್ಟ. ಗಡಸುತನ ಎಷ್ಟೆಂದು ಹೇಳುವ ಫ್ಲೆಕ್ಸ್ ಅಂಕಿಗೆ ತಯಾರಕರೆಲ್ಲರಿಗೂ ಸಮಾನವಾದ ಮಾನದಂಡವಿಲ್ಲ. ಒಬ್ಬರ 100 ಇನ್ನೊಬ್ಬರ 80 ಆಗಿರಬಹುದು. ಡೀಲಕ್ಸ್ ಕಂಪನಿಯ ಟ್ರ್ಯಾಕ್ ಸರಣಿಯ 325, 425, 700 ಎಂಬಂಥ ಅಂಕಿಗಳಂತೂ ಮಾದರಿಯ ಹೆಸರುಗಳಷ್ಟೇ (ನನ್ನ ನೆಲಮಾಳಿಗೆಯ ಜೋಡಿ ಆ ಸರಣಿಯದಲ್ಲ). ಹಿರಿಯರು ಹೇಳಿಕೊಟ್ಟ ಉಪಾಯ ಸರಳ. ಬೂಟನ್ನು ಸಾಧ್ಯವಾದರೆ ರಾತ್ರಿ ಹೊರಗಿನ ಚಳಿಯಲ್ಲಿಟ್ಟು, ಬೆಳಿಗ್ಗೆ ಹಾಕಿಕೊಂಡು, ಬಕಲ್ ಬಿಗಿದು, ಮೊಣಕಾಲನ್ನು ಹೆಬ್ಬೆರಳಿನ ನೇರಕ್ಕೆ ತಳ್ಳಬೇಕು. ನಿಂತಲ್ಲಿಯೇ, ಕುಪ್ಪಳಿಸದೆ, ಬರೀ ಮೈಭಾರದಿಂದ ಅಲ್ಲಿಗೆ ತಲುಪಲಾಗದಿದ್ದರೆ ಆ ಬೂಟು ನಿಮಗೆ ಗಡಸು. ಹಿಂಬದಿಯ ಸನ್ನೆಕೋಲಿನಿಂದ ಮುಂಬಾಗುವಿಕೆಯನ್ನು ಒಂದೇ ಸ್ಥಾನದಲ್ಲಿ ಲಾಕ್ ಮಾಡುವ ಬೂಟುಗಳಲ್ಲಿ ಪೂರ್ತಿ ಬಗ್ಗುವಿಕೆ ಪ್ಲಾಸ್ಟಿಕ್ಕಿನ ಮೇಲೆಯೇ ಬೀಳುತ್ತದೆ. ಆ ಸನ್ನೆಕೋಲಿನ ಜಾಗದಲ್ಲಿ ಸ್ಪ್ರಿಂಗ್ ಕೂರಿಸುವ ಕಿಟ್‌ಗಳು ಸಿಗುತ್ತವೆ, ಸ್ಪ್ರಿಂಗ್ ಬದಲಿಸಿ ಗಡಸುತನವನ್ನು ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು. ಆದರೆ ಶೆಲ್ಲೇ ತೂಕಕ್ಕೆ ಮೀರಿದ ಗಡಸಾಗಿದ್ದರೆ ಸ್ಪ್ರಿಂಗ್ ಏನೂ ಮಾಡಲಾರದು; ನಾನು ಅದನ್ನೂ ದುಡ್ಡು ಕೊಟ್ಟು ಕಲಿತೆ.

ಲೈನರಿನ ಸರದಿ ಇವೆರಡೂ ಮುಗಿದ ಮೇಲೆ. ಸರಿಯಾದ ಶೆಲ್ಲಿನಲ್ಲಿ ಹೊಸ ಲೈನರ್ ಮೊದಲ ದಿನ ಬಿಗಿಯಾಗಿಯೇ ಇರಬೇಕು: ನೆಟ್ಟಗೆ ನಿಂತಾಗ ಬೆರಳುಗಳು ಮುಂದೆ ತಾಗಬೇಕು, ಮೊಣಕಾಲು ಬಗ್ಗಿಸಿದಾಗ ಹಿಂದಕ್ಕೆ ಸರಿಯಬೇಕು, ಹಿಮ್ಮಡಿ ಅಲುಗಬಾರದು. ಶಾಖಕ್ಕೆ ಅಚ್ಚಾಗುವ ಫೋಮ್ ಲೈನರ್ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ. ಅದನ್ನು ಸುಮಾರು ಹತ್ತು ನಿಮಿಷ ಬಿಸಿ ಮಾಡಿ, ಬೆರಳುಗಳಿಗೆ ಜಾಗ ಉಳಿಯಲೆಂದು ತುದಿಗೆ ಚಿಕ್ಕ ಟೋಪಿಯಂಥದ್ದು ತೊಡಿಸಿ, ತೆಳುವಾದ ಕಾಲುಚೀಲದ ಮೇಲೆ ಹಾಕಿ, ಅದು ತಣಿಯುವವರೆಗೆ ಅಲುಗಾಡದೆ ನಿಲ್ಲಿಸುತ್ತಾರೆ. ಬಿಸಿ ಮಾಡುವ ಹೊತ್ತು, ಉಷ್ಣತೆ ಲೈನರಿನಿಂದ ಲೈನರಿಗೆ ಬೇರೆ, ಮನೆಯ ಓವನ್ನಿನಲ್ಲಿ ಸಾಹಸಕ್ಕಿಳಿಯಬೇಡಿ. ಮತ್ತು ಕಾಲುಚೀಲ ಒಂದೇ ಸಾಕು, ತೆಳುವಾದದ್ದು. ದಪ್ಪ ಚೀಲ ನೆರಿಗೆ ಬಿದ್ದು, ಬೆವರು ಹಿಡಿದು, ಕಾಲನ್ನು ಇನ್ನಷ್ಟು ತಣ್ಣಗಾಗಿಸುತ್ತದೆ.

ನಾನೀಗ ಬಳಸುತ್ತಿರುವುದು 26.5ರ, ಮಧ್ಯಮ ಗಡಸಿನ, ಯಾರೋ ಒಂದು ಋತು ಬಳಸಿ ಮಾರಿದ ಬೂಟು. ಹಳೆಯ ಬೂಟು ಕೊಳ್ಳುವವರು ಶೆಲ್ಲಿನ ವಯಸ್ಸು ವಿಚಾರಿಸಲೇಬೇಕು; ಪ್ಲಾಸ್ಟಿಕ್ ವರ್ಷಗಳು ಕಳೆದಂತೆ ಸುಲಭವಾಗಿ ಒಡೆಯುವಂತಾಗುತ್ತದೆ, ಹೊರನೋಟಕ್ಕೆ ಹೊಸದರಂತಿರುವ ಹದಿನೈದು ವರ್ಷದ ಶೆಲ್ ಇಳಿಜಾರಿನ ನಡುವೆ ಸೀಳಬಹುದು. ಕೆಲವು ಶೆಲ್‌ಗಳ ಒಳಮೈಯಲ್ಲಿ ತಯಾರಾದ ವರ್ಷ, ತಿಂಗಳು ತೋರಿಸುವ ದುಂಡನೆಯ ಅಚ್ಚು ಇರುತ್ತದೆ, ಲೈನರ್ ತೆಗೆದು ನೋಡಿ. ಹೇಗೂ ಶೆಲ್ ಪರೀಕ್ಷೆಗೆ ಅದನ್ನು ತೆಗೆಯಲೇಬೇಕಲ್ಲ.

ನೆಲಮಾಳಿಗೆಯ ಜೋಡಿಯನ್ನು ನಾನು ಮಾರಲು ಹಾಕಿಲ್ಲ. ಕೇಳಿದ ಇಬ್ಬರಿಗೆ ಪಾದದ ಉದ್ದವೆಷ್ಟು, ತೂಕವೆಷ್ಟು ಎಂದು ಮೊದಲು ಕೇಳಿದೆ. ಇಬ್ಬರೂ ಶೂವಿನ ನಂಬರ್ ಹೇಳಿದರು. ಪಾದ ನಿಜವಾಗಿ 28 ಸೆಂಟಿಮೀಟರ್ ಇದ್ದು, ತೂಕ ತೊಂಬತ್ತರ ಆಸುಪಾಸಿನಲ್ಲಿರುವವರು ಬಂದು ಒಯ್ಯಬಹುದು, ದುಡ್ಡು ಬೇಡ. ಲೈನರ್ ಮಾತ್ರ ಕೇಳಬೇಡಿ, ಅದನ್ನು ಎಸೆದಿದ್ದೇನೆ.